ಇರದ ಸಾಲನ್ನು ಮೂರು ಸಲ ಓದಿ

ಅಕ್ಕನ ಮಗ ಎಂಟು ಗಂಟೆಗಳ ನೆಟ್‌ವರ್ಕಿಂಗ್ ಲ್ಯಾಬ್ ಪರೀಕ್ಷೆ ಮುಗಿಸಿ, ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿನ ಬಿಜೈಯ ಮನೆಗೆ ಬಂದ. ಫೇಲು. ಏಕೆಂದು ಅವನಿಗೂ ಗೊತ್ತಿಲ್ಲ. ಪ್ರಶ್ನೆ ಏನಿತ್ತೆಂದು ಯಾರಿಗೂ ಹೇಳುವುದಿಲ್ಲವೆಂದು ಸಹಿ ಮಾಡಿಕೊಟ್ಟಿದ್ದಾನಂತೆ. ಪ್ರಶ್ನೆಯಲ್ಲಿ ಏನೇನು ಇರಲಿಲ್ಲ ಎಂದು ಹೇಳಬಹುದಲ್ಲ! ಅದಕ್ಕೆ ಸಹಿ ಇಲ್ಲ. ಊಟವಾಗಿ ಕೈ ಒಣಗುವವರೆಗೂ ಹೇಳಿದ.

ಓಎಸ್‌ಪಿಎಫ್ ಎಂದರೆ ಜಾಲದಲ್ಲಿ ಮಾಹಿತಿ ಸಾಗಿಸುವ ರೂಟರುಗಳು ತಮ್ಮತಮ್ಮಲ್ಲೇ ದಾರಿ ಕಂಡುಕೊಳ್ಳುವ ಪದ್ಧತಿ; ಅದನ್ನು ರೂಟರಿನಲ್ಲಿ ಶುರುಮಾಡುವಾಗ ಕೊಡುವ ಪ್ರಾಸೆಸ್ ಸಂಖ್ಯೆ ಇರಲಿಲ್ಲ. ಅದು ತಲೆಹೋಗುವ ವಿಷಯವಲ್ಲ; 1ರಿಂದ 65535ರ ತನಕ ಯಾವುದನ್ನೂ ಇಡಬಹುದು, ಪಕ್ಕದ ರೂಟರಿನದಕ್ಕೆ ಹೊಂದಬೇಕೆಂದಿಲ್ಲ, ಮಗುವನ್ನು ಮನೆಯೊಳಗೆ ಕರೆಯುವ ಹೆಸರಿನ ಹಾಗೆ. ರೂಟರಿನ ಗುರುತು, ರೂಟರ್ ಐಡಿಯೂ ಇರಲಿಲ್ಲ. ಕೊಡದಿದ್ದರೆ ರೂಟರು ತನ್ನ ಲೂಪ್‌ಬ್ಯಾಕ್ (ತಂತಿಯಿಲ್ಲದೆ ತನ್ನೊಳಗೇ ಇರುವ) ವಿಳಾಸಗಳಲ್ಲಿ ದೊಡ್ಡದನ್ನು ತಾನೇ ಎತ್ತಿಕೊಳ್ಳುತ್ತದೆ. ಹುಡುಗ ಸಿಕ್ಕಿಬಿದ್ದದ್ದು ವೆಚ್ಚದ ಲೆಕ್ಕದಲ್ಲಿ: ಆಧಾರ ವೇಗವೆಂಬ ಸಂಖ್ಯೆಯನ್ನು ತಂತಿಯ ವೇಗದಿಂದ ಭಾಗಿಸಿದರೆ ಬರುವುದು ಆ ತಂತಿಯ ವೆಚ್ಚ, ಒಂದಕ್ಕಿಂತ ಕೆಳಗಿಳಿಯದು; ವೆಚ್ಚ ಕಡಿಮೆಯಿದ್ದ ದಾರಿಯನ್ನು ರೂಟರು ಹಿಡಿಯುತ್ತದೆ. ಆಧಾರ ವೇಗವನ್ನು ಮುಟ್ಟದೆ ಬಿಟ್ಟರೆ ಅದು 100 ಎಂಬಿಪಿಎಸ್. ಆಗ 100ರ ತಂತಿಗೂ ವೆಚ್ಚ 1, 1000ದ ತಂತಿಗೂ ವೆಚ್ಚ 1. ಕೊಡಿಯಾಲ ತೇರಿನ ದಿನದ ಕಾರ್‌ಸ್ಟ್ರೀಟೂ ರಾಷ್ಟ್ರೀಯ ಹೆದ್ದಾರಿ 66ರೂ ಒಂದೇ ಎಂದ ಹಾಗೆ. (ಸಂಜೆ ಪಂಪ್‌ವೆಲ್ಲಿನಲ್ಲಿ ನಿಂತವರು ಹೌದು, ಒಂದೇ ಎಂದಾರು.) ಬದಲಿಸಬೇಕೋ, ಬಿಡಬೇಕೋ? ಕೇಳದ್ದನ್ನು ಮಾಡಿದರೆ ಅಂಕ ಹೋದೀತು, ಮಾಡದಿದ್ದರೂ ಹೋದೀತು.

ಮಂಗಳೂರಿನವನಿಗೆ ಇದು ಹೊಸತಾಗಬಾರದಿತ್ತು. ನಮ್ಮ ಬಸ್ಸುಗಳ ಹಣೆಯ ಮೇಲೆ ‘ಸ್ಟೇಟ್‌ಬ್ಯಾಂಕ್’ ಎಂದಿರುತ್ತದೆ. ಪರವೂರಿನವರು ಪಾಸ್‌ಬುಕ್ ಹಿಡಿದು ಹತ್ತಿದರೆ ಇಳಿಯುವುದು ಬಸ್ ನಿಲ್ದಾಣದಲ್ಲಿ. ಮೊದಲು ಮೂಗಿಗೆ ಸಿಗುವುದು ಮೀನು ಮಾರುಕಟ್ಟೆ. ಬ್ಯಾಂಕೂ ಅಲ್ಲೇ ಹತ್ತಿರವಿದೆ ಬಿಡಿ, ಆದರೆ ನಾವು ಯಾರು ಅದಕ್ಕಾಗಿ ಹೋಗುತ್ತೇವೆ? ತಬ್ಬಿಬ್ಬಾದವರನ್ನು ಕಂಡಕ್ಟರ್ ಗದರಿಸಿಯಾನು, ಆದರೂ ಕೊನೆಗೆ ‘ಸೀದಾ ಹೋಗಿ’ ಎಂದಾದರೂ ಹೇಳುತ್ತಾನೆ.

ಪರೀಕ್ಷೆಯ ಮೇಲ್ವಿಚಾರಕರು ಆ ಕಂಡಕ್ಟರಿಗಿಂತ ದೊಡ್ಡ ಜ್ಞಾನಿಗಳು. ಕೈ ಎತ್ತಿದ ಹುಡುಗನಿಗೆ ‘ಪ್ರಶ್ನೆಯನ್ನು ಇನ್ನೊಮ್ಮೆ ಓದಿ’ ಎಂದರು. ಉಪನಿಷತ್ತಿಗೂ ಇಷ್ಟು ಚಿಕ್ಕದಾಗಿ ಹೇಳಲು ಬಂದಿಲ್ಲ. ಮೂರು ಸಲ ಓದಿದ. ಇರದ ಸಾಲು ಮೂರನೆಯ ಸಲವೂ ಇರಲಿಲ್ಲ.

ಇದು ನಿಜವಾದ ಕೆಲಸಕ್ಕೆ ತಯಾರಿಯಂತೆ. ಸುಳ್ಳು. ಕೆಲಸದಲ್ಲಿ ತಿಳಿಯದಿದ್ದರೆ ಗಿರಾಕಿಗೆ ಫೋನ್ ಮಾಡಿ ಕೇಳುತ್ತಾರೆ. ಲಕ್ಷಕ್ಕೂ ಮಿಕ್ಕಿದ ಶುಲ್ಕ ಎಣಿಸಿಕೊಂಡವರಿಗೆ, ಎಲ್ಲಿ ತಪ್ಪಿತೆಂದು ಒಂದು ಸಾಲು ಬರೆದುಕೊಡಲು ಏನು ದಾಡಿ? ಅಕ್ಕ ಬಳೆ ಅಡವಿಟ್ಟಿದ್ದಾಳೆ. ಅದನ್ನು ಬಿಡಿಸುವುದು ಯಾವಾಗ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹುಡುಗ ಮತ್ತೆ ಹೊರಟಿದ್ದಾನೆ. ಮಳೆಗಾಲ. ಬಸ್ಸು ಶಿರಾಡಿಯಲ್ಲಿ ಹೋಗುತ್ತದೋ ಚಾರ್ಮಾಡಿಯಲ್ಲೋ, ಟಿಕೆಟಿನಲ್ಲಿ ಬರೆದಿಲ್ಲ.