ಫೋಟೋ ಎಲ್ಲವೂ ಇವೆ, ಕಾಣುತ್ತಿಲ್ಲ ಅಷ್ಟೇ

ಅಪ್‌ಗ್ರೇಡ್ ಮಾಡಿ ಅಂತ ಬರುವ ಸೂಚನೆಗಳು ಬಹಳ ವಿನಯವಾಗಿರುತ್ತವೆ. 'ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ, ವೇಗ ಹೆಚ್ಚಿಸಲಾಗಿದೆ' ಎಂದಷ್ಟೇ ಬರೆದಿರುತ್ತಾರೆ. ನಿಮ್ಮ ಇಷ್ಟು ವರ್ಷದ ಫೋಟೋಗಳನ್ನೆಲ್ಲ ಬೂದು ಬಣ್ಣದ ಚೌಕ ಮಾಡಿಕೊಡುತ್ತೇವೆ ಅಂತ ಯಾರೂ ಬರೆಯುವುದಿಲ್ಲ.

ನಮ್ಮ ಕಡೆಯವರ ಫೋಟೋಗಳೆಲ್ಲ ನನ್ನ ಕಂಪ್ಯೂಟರಿನಲ್ಲಿವೆ. ಈ ಕೆಲಸಕ್ಕೆ ನನ್ನನ್ನು ಯಾರೂ ನೇಮಿಸಿದ್ದಲ್ಲ. ಹೊಸ ಫೋನ್ ಕೊಂಡವರೆಲ್ಲ "ಇದೊಂದಿಷ್ಟು ನಿನ್ನ ಹತ್ರ ಇಟ್ಕೊಂಡಿರು" ಅಂತ ಕೊಟ್ಟು ಹೋದರು, ವಾಪಸ್ ಕೇಳಲಿಲ್ಲ. ಹಾಗೆ ಸೇರಿ ಸೇರಿ ಈಗ 80 ಸಾವಿರ ದಾಟಿದೆ. ಅದರಲ್ಲಿ ಮನುಷ್ಯರ ಮುಖ ಇರುವುದು ಅರ್ಧ ಇದ್ದರೆ ಹೆಚ್ಚು. ಉಳಿದದ್ದು ಮೀಟರ್ ರೀಡಿಂಗ್, ವಾಷಿಂಗ್ ಮಷಿನ್ ಹಿಂದೆ ಅಂಟಿಸಿರುವ ಚೀಟಿ, ಫೋನು ಜೇಬಿನಲ್ಲಿದ್ದಾಗ ತಾನಾಗಿ ತೆಗೆದ ಕತ್ತಲೆ, ಮತ್ತು ಲೆನ್ಸಿಗೆ ಅಡ್ಡ ಬಂದ ಅಕ್ಕನ ಹೆಬ್ಬೆರಳು.

ಇವನ್ನೆಲ್ಲ ಜೋಡಿಸಿಟ್ಟು ಹುಡುಕಿಕೊಡಲು ಒಂದು ಸಾಫ್ಟ್‌ವೇರ್ ಇದೆ. ಅದರ ಹೊಸ ಆವೃತ್ತಿ ಬಂದಾಗ ಬ್ಯಾಕಪ್ ತೆಗೆದುಕೊಂಡೇ ಅಪ್‌ಗ್ರೇಡ್ ಒತ್ತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯನ್ನು ಯಾರಿಗೆ ಹೇಳಿದರೂ ಅವರ ಮೊದಲ ಪ್ರಶ್ನೆ "ಬ್ಯಾಕಪ್ ಇತ್ತಾ?" ಎಂದೇ. ಇತ್ತು. ಆ ಬ್ಯಾಕಪ್ಪಿನದೇ ಮುಂದೆ ಒಂದು ಕಥೆ ಆಯಿತು, ಅದು ಆಮೇಲೆ.

ಹೊಸ ಆವೃತ್ತಿ ತೆರೆದ ಕೂಡಲೇ ಒಂದು ಸಂದೇಶ ಬಂತು. ನಿಮ್ಮ ಕ್ಯಾಟಲಾಗ್ (ಫೋಟೋಗಳ ಪಟ್ಟಿ) ಹಳೆಯ ರೂಪದಲ್ಲಿದೆ, ಹೊಸ ರೂಪಕ್ಕೆ ಬದಲಿಸಬೇಕು, ಬದಲಿಸಿದ ಮೇಲೆ ಹಳೆಯ ಆವೃತ್ತಿಯಲ್ಲಿ ತೆರೆಯಲು ಆಗುವುದಿಲ್ಲ. ಕೆಳಗೆ ಎರಡು ಬಟನ್. 'ಮುಂದುವರಿಸಿ', 'ನಿರ್ಗಮಿಸಿ'. 'ಮನೇಲಿ ಕೇಳಿ ಹೇಳ್ತೀನಿ' ಅನ್ನುವ ಬಟನ್ ಯಾವ ಸಾಫ್ಟ್‌ವೇರಿನಲ್ಲೂ ಇರುವುದಿಲ್ಲ. ಮುಂದುವರಿಸಿದೆ. ಪರದೆ ತುಂಬಾ ಬೂದು ಚೌಕಗಳು ಬಂದು ಕೂತವು.

ಗಾಬರಿ ಆಗುವಂಥದ್ದೇನೂ ಇರಲಿಲ್ಲ. ಇಂಥ ಸಾಫ್ಟ್‌ವೇರ್‌ಗಳಲ್ಲಿ ಬಹಳಷ್ಟು ಫೋಟೋಗಳನ್ನು ಮುಟ್ಟುವುದೇ ಇಲ್ಲ. ಫೋಟೋ ನಮ್ಮ ಫೋಲ್ಡರಿನಲ್ಲೇ ಇರುತ್ತದೆ. ಯಾವುದು ಎಲ್ಲಿದೆ, ಯಾವತ್ತಿನದು, ಯಾರ್‍ಯಾರಿದ್ದಾರೆ, ಎಷ್ಟು ಸ್ಟಾರ್ ಕೊಟ್ಟಿದ್ದೇವೆ ಎಂಬುದೆಲ್ಲ ಬೇರೊಂದು ಡೇಟಾಬೇಸ್ ಫೈಲಿನಲ್ಲಿರುತ್ತದೆ. ಅದೇ ಕ್ಯಾಟಲಾಗ್. ಸಾಮಾನ್ಯವಾಗಿ ಅದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಪದ್ಧತಿಯ ಫೈಲು. ಥಂಬ್‌ನೇಲ್‌ಗಳು, ಅಂದರೆ ಪರದೆಯಲ್ಲಿ ಸಾಲಾಗಿ ಕಾಣುವ ಪುಟ್ಟ ಚಿತ್ರಗಳು, ಇನ್ನೊಂದು ಕಡೆ. ಅಂದರೆ ಲೈಬ್ರರಿಯ ಪುಸ್ತಕಗಳೆಲ್ಲ ಕಪಾಟಿನಲ್ಲಿ ಭದ್ರವಾಗಿವೆ, ಹೊಸದಾಗಿ ಬರೆಯುತ್ತೇನೆ ಅಂತ ಲೈಬ್ರೇರಿಯನ್ ರಿಜಿಸ್ಟರ್ ಹರಿದುಹಾಕಿದ್ದಾನೆ.

ಹೊಸದಾಗಿ ಬರೆಯಲು '12 ನಿಮಿಷ ಬಾಕಿ' ಎಂದಿತು. ಮುಖ ತೊಳೆದುಕೊಂಡು ಬಂದು ನೋಡಿದರೆ '19 ಗಂಟೆ ಬಾಕಿ'. ಇನ್ನೊಮ್ಮೆ ನೋಡಿದಾಗ 'ಲೆಕ್ಕ ಹಾಕಲಾಗುತ್ತಿದೆ'. ಲ್ಯಾಪ್‌ಟಾಪಿನ ಫ್ಯಾನು ಕೂಗಿಕೊಳ್ಳುತ್ತಿತ್ತು. ಬೆಕ್ಕು ಬಂದು ಅದರ ಬಿಸಿಗಾಳಿ ಬರುವ ಕಡೆಗೆ ಬೆನ್ನು ಕೊಟ್ಟು ಮಲಗಿತು. ಈ ಅಪ್‌ಗ್ರೇಡಿನಿಂದ ಲಾಭ ಆಗಿದ್ದು ಅದೊಂದಕ್ಕೇ.

ಅಕ್ಕ ಫೋನ್ ಮಾಡಿದ್ದು ಸರಿಯಾಗಿ ಆಗಲೇ.

"ಲೇ, ಅಪ್ಪ ಛತ್ರಿ ಹಿಡ್ಕೊಂಡು ನಗ್ತಾ ನಿಂತಿರೋ ಫೋಟೋ ಇದೆಯಲ್ಲ, ಅದನ್ನ ಕಳಿಸೇ. ಎರಡು ನಿಮಿಷದ ಕೆಲಸ."

"ಇಂಡೆಕ್ಸ್ ಆಗ್ತಿದೆ ಅಕ್ಕ."

"ಏನಾಗ್ತಿದೆ?"

"ಫೋಟೋ ಇದೆ. ಆದರೆ ಸಿಗ್ತಿಲ್ಲ."

"ಕಳೆದುಹಾಕಿದೀನಿ ಅಂತ ನೇರವಾಗಿ ಹೇಳು."

ಹೊಸ ಆವೃತ್ತಿಯ ದೊಡ್ಡ ಹೆಚ್ಚುಗಾರಿಕೆ ಎಂದರೆ ಅದರ ಹುಡುಕಾಟ. ಫೋಟೋಗೆ ಹೆಸರು ಕೊಡಬೇಕಿಲ್ಲ, ಒಳಗೇನಿದೆ ಅಂತ ಅದೇ ನೋಡಿ ತಿಳಿದುಕೊಳ್ಳುತ್ತದಂತೆ. 'ಛತ್ರಿ' ಅಂತ ಹಾಕಿದೆ. ಮೊದಲಿಗೆ ಅಣಬೆ ಬಂತು. ಆಮೇಲೆ ಮಹಡಿಯ ಮೇಲಿನ ಡಿಶ್ ಆಂಟೆನಾ, ಒಂದು ಟೇಬಲ್ ಲ್ಯಾಂಪು, ಗಾಳಿಗೆ ಕೂದಲು ಹಾರಿಸಿಕೊಂಡು ನಿಂತ ಚಿಕ್ಕಪ್ಪ. ಮಷಿನ್ನಿನ ದೃಷ್ಟಿಯಲ್ಲಿ ತಪ್ಪೇನಿಲ್ಲ ಬಿಡಿ. ಎಲ್ಲವೂ ಮೇಲೆ ಅಗಲ, ಕೆಳಗೆ ಸಣ್ಣ.

ಆ ಫೋಟೋ 2009ರದ್ದು ಅಂತ ನನಗೆ ಗೊತ್ತಿತ್ತು. ವರ್ಷ ಹಿಡಿದು ಹುಡುಕೋಣ ಅಂತ ಹೊರಟೆ. 2009ರಲ್ಲಿ ಇರಬೇಕಾದದ್ದರಲ್ಲಿ ಕಾಲು ಭಾಗವೂ ಇಲ್ಲ. ಪಟ್ಟಿಯ ತುದಿಯಲ್ಲಿ ಮಾತ್ರ ಒಂದು ದಿನಾಂಕದ ಕೆಳಗೆ ಸಾವಿರಾರು ಫೋಟೋ. 1 ಜನವರಿ 1970. ಅವತ್ತು ನಾನೂ ಹುಟ್ಟಿರಲಿಲ್ಲ, ಅಕ್ಕನೂ ಹುಟ್ಟಿರಲಿಲ್ಲ, ಆದರೂ ಇಬ್ಬರೂ ಅಲ್ಲಿದ್ದೇವೆ, ಮಕ್ಕಳ ಸಮೇತ. ಬಹಳಷ್ಟು ಕಂಪ್ಯೂಟರುಗಳಲ್ಲಿ ಕಾಲವನ್ನು ಎಣಿಸಲು ಶುರು ಮಾಡುವುದೇ ಆ ದಿನದಿಂದ. ಅವತ್ತಿನಿಂದ ಇಲ್ಲಿಗೆ ಎಷ್ಟು ಸೆಕೆಂಡ್ ಅಂತ ಲೆಕ್ಕ. ದಿನಾಂಕ ಗೊತ್ತಿಲ್ಲದಿದ್ದರೆ ಸೊನ್ನೆ ಅಂತ ಬರೆದುಕೊಳ್ಳುತ್ತದೆ, ಸೊನ್ನೆ ಎಂದರೆ 1970. ವಾಟ್ಸಾಪಿನಲ್ಲಿ ಬಂದ ಫೋಟೋಗಳಲ್ಲಿ ಸಾಮಾನ್ಯವಾಗಿ ತೆಗೆದ ದಿನಾಂಕ ಉಳಿದಿರುವುದಿಲ್ಲ. ಹಳೆಯ ಆಲ್ಬಮ್ಮಿನಿಂದ ಸ್ಕ್ಯಾನ್ ಮಾಡಿದ್ದಕ್ಕೆ ತೆಗೆದ ದಿನಾಂಕ ಎಂಬುದೇ ಇಲ್ಲ. ಎಲ್ಲರಿಗೂ ಒಂದೇ ದಿನ ಜಾಗ ಕೊಟ್ಟಿತ್ತು.

ದಿನಾಂಕ ಇದ್ದ ಫೋಟೋಗಳ ಪಾಡು ಇನ್ನೂ ವಿಚಿತ್ರ. ಕ್ಯಾಮೆರಾ ಪ್ರತಿ ಫೋಟೋದ ಒಳಗೂ ತೆಗೆದ ಸಮಯ ಬರೆದಿಡುತ್ತದೆ. ಅದಕ್ಕೆ ಎಕ್ಸಿಫ್ ಅಂತಾರೆ, 1995ರಿಂದ ಇರುವ ವ್ಯವಸ್ಥೆ. ಆದರೆ ಗಡಿಯಾರ ಯಾವ ದೇಶದ್ದು ಎಂದು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಆ ಜಾಗ ಮಾಡಿಕೊಟ್ಟಿದ್ದು 2016ರಲ್ಲಿ. ಅದಕ್ಕೂ ಹಿಂದಿನ ಫೋಟೋಗಳಲ್ಲಿ 'ಮಧ್ಯಾಹ್ನ ಮೂರೂವರೆ' ಅಂತಷ್ಟೇ ಇರುತ್ತದೆ, ಎಲ್ಲಿಯ ಮೂರೂವರೆ ಅಂತ ಇರುವುದಿಲ್ಲ. ಹಳೆಯ ಆವೃತ್ತಿ ಅದನ್ನು ಸುಮ್ನೆ ನಂಬುತ್ತಿತ್ತು. ಹೊಸದು ಜಾಸ್ತಿ ಬುದ್ಧಿವಂತ. ಇದು ಗ್ರೀನಿಚ್ ಸಮಯ ಇರಬೇಕು ಅಂತ ತಾನೇ ತೀರ್ಮಾನಿಸಿ, ನಮ್ಮ ಸಮಯಕ್ಕೆ ತರಲು ಎಲ್ಲವನ್ನೂ ಕೆಲವು ಗಂಟೆ ಮುಂದಕ್ಕೆ ತಳ್ಳಿತು.

ಹಾಗಾಗಿ ರಾತ್ರಿ ಒಂಬತ್ತರ ಸುಡುಬಿಸಿಲಿನಲ್ಲಿ ನಾವೆಲ್ಲ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೇವೆ. ಅಕ್ಕನ ಮಗನ ಹುಟ್ಟುಹಬ್ಬದ ಫೋಟೋಗಳನ್ನು ಅವತ್ತು ಇಬ್ಬರು ತೆಗೆದಿದ್ದರು. ಒಬ್ಬರದು ಹಳೆಯ ಕ್ಯಾಮೆರಾ, ಇನ್ನೊಬ್ಬರದು ಹೊಸ ಫೋನು. ಫೋನಿನವು ಜಾಗದಲ್ಲೇ ಉಳಿದವು, ಕ್ಯಾಮೆರಾದವು ಮುಂದಕ್ಕೆ ಹೋದವು. ಈಗ ಸಾಲಾಗಿ ನೋಡುತ್ತಾ ಹೋದರೆ ನಾವು ಮೊದಲು ಕೇಕ್ ತಿನ್ನುತ್ತೇವೆ, ನೆಂಟರನ್ನು ಬಾಗಿಲವರೆಗೆ ಹೋಗಿ ಕಳಿಸುತ್ತೇವೆ, ತಟ್ಟೆ ತೊಳೆಯುತ್ತೇವೆ. ಅದೆಲ್ಲ ಆದಮೇಲೆ ಆ ನೆಂಟರೆಲ್ಲ ಮತ್ತೆ ಬಂದು ಸುತ್ತ ನಿಲ್ಲುತ್ತಾರೆ, ಇಡೀ ಕೇಕಿನ ಮೇಲೆ ಮೇಣದಬತ್ತಿ ಹಚ್ಚುತ್ತೇವೆ.

ಇನ್ನು ಫೋಲ್ಡರುಗಳನ್ನೇ ನೋಡೋಣ ಅಂತ ಎಡಗಡೆಯ ಪಟ್ಟಿಗೆ ಹೋದೆ. ನನ್ನ ಫೋಲ್ಡರುಗಳಿಗೆಲ್ಲ ಕನ್ನಡದ ಹೆಸರು. ಅಲ್ಲಿ ನೋಡಿದರೆ ಮಳೆಗಾಲ ಇದೆ, ಚಳಿಗಾಲ ಇದೆ. ಬೇಸಿಗೆ ಎರಡಿದೆ. ಒಂದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ, ಇನ್ನೊಂದರ ಪಕ್ಕ 'ಹೊಸದು' ಅಂತ. ಪ್ರಶ್ನೆ ಇರುವುದನ್ನು ಒತ್ತಿದರೆ 'ಈ ಫೋಲ್ಡರ್ ಸಿಗುತ್ತಿಲ್ಲ'. ಹೊಸದನ್ನು ಒತ್ತಿದರೆ 'ಇನ್ನೂ ಓದಿಲ್ಲ'. ಕೆಳಗೆ ಇಳಿದೆ. ಅಜ್ಜ, ಅಜ್ಜಿ, ಚಿಕ್ಕಪ್ಪ ಕ್ಷೇಮ. ದೊಡ್ಡಪ್ಪ, ದೊಡ್ಡಮ್ಮ ಕಾಣೆ. ಸೋದರತ್ತೆಯೂ ಕಾಣೆ. ಮನೆಯ ಹಿರಿಯರನ್ನೇ ಆರಿಸಿ ಹಿಡಿದಂತಿತ್ತು.

ಅಕ್ಕನ ಮಗನಿಗೆ ಫೋನ್ ಮಾಡಿ ಪರದೆ ತೋರಿಸಿದೆ. ಅವನಿಗೆ ಇಂಥದ್ದೆಲ್ಲ ಗೊತ್ತು.

"ಚಿಕ್ಕಮ್ಮ, ಈ ಎರಡು ಹೆಸರೂ ಒಂದೇ ಅಲ್ಲ."

"ಎರಡೂ ಬೇಸಿಗೆನೇ ಕಣೋ."

"ಅದು ನಿನ್ನ ಕಣ್ಣಿಗೆ."

ವಿಷಯ ಇದು. ಕಂಪ್ಯೂಟರಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಯೂನಿಕೋಡಿನಲ್ಲಿ ಕೆಲವು ಸ್ವರಚಿಹ್ನೆಗಳನ್ನು ಎರಡು ಥರ ಬರೆದಿಡಬಹುದು. 'ಬೇ' ಅಕ್ಷರದ ಏತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಎತ್ವ, ಅದರ ಮುಂದೆ ದೀರ್ಘದ ಚಿಹ್ನೆ ಅಂತ ಎರಡಾಗಿ ಬಿಡಿಸಿ ಇಡಬಹುದು. 'ದೊ'ದ ಒತ್ವ ಬಿಡಿಸಿದರೆ ಎರಡು ತುಂಡು, 'ಸೋ'ದ ಓತ್ವ ಮೂರು ತುಂಡು. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಎರಡೂ ಸರಿಯೇ, ಹೋಲಿಸುವ ಮೊದಲು ಒಂದೇ ರೂಪಕ್ಕೆ ತಂದುಕೊಳ್ಳಬೇಕು ಅಷ್ಟೇ. ನನ್ನ ಹಿಂದಿನ ಕಂಪ್ಯೂಟರು ಹೆಸರುಗಳನ್ನು ಬಿಡಿಸಿ ಇಟ್ಟಿತ್ತು. ಹಳೆಯ ಆವೃತ್ತಿ ಅದಕ್ಕೆ ಹೊಂದಿಕೊಂಡು ಹೋಗುತ್ತಿತ್ತು. ಹೊಸದು ಹೋಲಿಸುವ ಮೊದಲು ಒಂದೇ ರೂಪಕ್ಕೆ ತರುವ ಆ ಹೆಜ್ಜೆಯನ್ನೇ ಬಿಟ್ಟಿದೆ. ಅಜ್ಜಿ, ಚಿಕ್ಕಪ್ಪ ಬಚಾವಾಗಿದ್ದು ಅವರ ಹೆಸರಿನಲ್ಲಿ ಬಿಡಿಸುವಂಥದ್ದು ಏನೂ ಇರಲಿಲ್ಲ ಅಂತ.

ಅವನು ಅಲ್ಲಿಂದಲೇ ಒಂದು ಪುಟ್ಟ ಪ್ರೋಗ್ರಾಂ ಕಳಿಸಿದ. ಓಡಿಸಿದೆ. ದೊಡ್ಡಪ್ಪ, ದೊಡ್ಡಮ್ಮ, ಸೋದರತ್ತೆ ಮೂವರೂ ವಾಪಸ್ ಬಂದರು. ನಾನು ಬರೆದ ಶೀರ್ಷಿಕೆಗಳೂ ಉಳಿದಿದ್ದವು. ಅವನ್ನು ಕ್ಯಾಟಲಾಗಿನಲ್ಲಿ ಮಾತ್ರ ಇಡದೆ ಎಕ್ಸ್‌ಎಂಪಿ ಎಂಬ ಪಕ್ಕದ ಫೈಲುಗಳಲ್ಲೂ ಬರೆಸಿಟ್ಟಿದ್ದೆ. ಅಡೋಬಿ ಕಂಪನಿ 2001ರಲ್ಲಿ ತಂದ ಈ ಪದ್ಧತಿಯನ್ನು ಈಗ ಬೇರೆ ಸಾಫ್ಟ್‌ವೇರುಗಳೂ ಓದುತ್ತವೆ. ಪ್ರತಿ ಫೋಟೋ ಪಕ್ಕದಲ್ಲಿ ಒಂದೊಂದು ಕಸದಂಥ ಫೈಲು ಯಾಕೆ ಅಂತ ನನ್ನವರು ಎಷ್ಟೋ ಸಲ ಕೇಳಿದ್ದರು. ಅವತ್ತು ಕೇಳಲಿಲ್ಲ.

ಅಪ್ಪನ ಫೋಟೋ ಬೇಸಿಗೆ ಫೋಲ್ಡರಿನಲ್ಲಿತ್ತು. ಅಪ್ಪ ಛತ್ರಿ ಹಿಡಿದಿದ್ದು ಬಿಸಿಲಿಗೆ. ಅಕ್ಕನಿಗೆ ಕಳಿಸಿದೆ. "ಇದಲ್ಲ, ಇನ್ನೊಂದಿದೆ ನೋಡು, ಜಾಸ್ತಿ ನಗ್ತಿರೋದು" ಎಂದಳು.

ಈಗ ಬ್ಯಾಕಪ್. ಎಲ್ಲ ಬಂದಿದೆಯೋ ಇಲ್ಲವೋ ಹೋಲಿಸಿ ನೋಡೋಣ ಅಂತ ಬ್ಯಾಕಪ್ ಡಿಸ್ಕ್ ಸಿಕ್ಕಿಸಿದೆ, ಅಷ್ಟೇ. ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ 'ಹೊಸ ಫೋಟೋಗಳು ಕಂಡುಬಂದಿವೆ!' ಅಂತ ಸಂಭ್ರಮದಿಂದ ಹೇಳಿ, ಕೇಳದೆಯೇ ಒಳಗೆ ಹಾಕಿಕೊಳ್ಳಲು ಶುರು ಮಾಡಿತು. 80 ಸಾವಿರ ಇದ್ದದ್ದು ಡಬಲ್ ಆಯಿತು. ಹೆಸರು ನೋಡಿ ತೆಗೆದುಹಾಕೋಣ ಎಂದರೆ ಕ್ಯಾಮೆರಾಗಳು ಹೆಸರಿಡುವುದು ನಾಲ್ಕೇ ಅಂಕಿಯಲ್ಲಿ. 9999 ಆದಮೇಲೆ ಮತ್ತೆ 0001. ಹಾಗಾಗಿ ಒಂದೇ ಹೆಸರಿನ ಬೇರೆ ಬೇರೆ ಫೋಟೋಗಳೂ ಇವೆ, ಒಂದೇ ಫೋಟೋದ ಎರಡೆರಡು ಪ್ರತಿಗಳೂ ಇವೆ. ನಕಲು ಹುಡುಕುವ ಸೌಲಭ್ಯ ಒತ್ತಿದರೆ ಅದು ಒಂದೇ ಥರ ಕಾಣುವುದನ್ನೆಲ್ಲ ನಕಲು ಎಂದಿತು. ಇಬ್ಬರು ಮಕ್ಕಳು ಬೇರೆ ಬೇರೆ ವರ್ಷ ಒಂದೇ ಸ್ವೆಟರ್ ಹಾಕಿಕೊಂಡಿದ್ದರು. ಅವರಲ್ಲಿ ಒಬ್ಬನನ್ನು ಅಳಿಸಬಹುದು ಅಂತ ಸಲಹೆ ಕೊಟ್ಟಿತು.

ಕಂಪನಿಗೆ ಬರೆದೆ. ಬೇಗನೇ ಉತ್ತರ ಬಂತು, ಅದನ್ನು ಒಪ್ಪಬೇಕು. ನಿಮ್ಮ ಲೈಬ್ರರಿ ಸಾಮಾನ್ಯಕ್ಕಿಂತ ದೊಡ್ಡದು, ಚಿಕ್ಕದು ಮಾಡಿಕೊಂಡು ಪ್ರಯತ್ನಿಸಿ ಎಂದಿದ್ದರು. ನೆಂಟರಲ್ಲಿ ಯಾರನ್ನು ಬಿಡಬೇಕು ಅಂತ ಬರೆದಿರಲಿಲ್ಲ.

ಕೊನೆಗೆ ಉಳಿದದ್ದು ಮುಖಗಳು. ಈ ಸಾಫ್ಟ್‌ವೇರುಗಳು ನಮ್ಮ ಮುಖವನ್ನು ಮುಖವಾಗಿ ನೆನಪಿಟ್ಟುಕೊಳ್ಳುವುದಿಲ್ಲ, ಸಂಖ್ಯೆಗಳ ಸಾಲಾಗಿ ಇಟ್ಟುಕೊಳ್ಳುತ್ತವೆ. ಗೂಗಲ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಫೇಸ್‌ನೆಟ್ ಪದ್ಧತಿಯಲ್ಲಿ ಒಂದು ಮುಖ ಎಂದರೆ 128 ಸಂಖ್ಯೆ. ಹೊಸ ಆವೃತ್ತಿಯಲ್ಲಿ ಲೆಕ್ಕ ಹಾಕುವ ರೀತಿ ಬದಲಾದರೆ ಹಳೆಯ ಸಂಖ್ಯೆಗಳಿಗೆ ಬೆಲೆ ಇಲ್ಲ. ನಾನು ವರ್ಷಗಟ್ಟಲೆ ಕೂತು ಹೇಳಿಕೊಟ್ಟಿದ್ದ ಹೆಸರುಗಳನ್ನೆಲ್ಲ ಮತ್ತೆ ಮೊದಲಿಂದ ಕೇಳತೊಡಗಿತು. ಅಕ್ಕನ ಮಗ ನಾಲ್ಕು ಜನ ಆಗಿದ್ದ. ಹಲ್ಲಿಲ್ಲದ ಕೂಸು, ಹಲ್ಲು ಬಿದ್ದ ಹುಡುಗ, ಮೀಸೆ ಚಿಗುರಿದವನು, ಗಡ್ಡದವನು. ಗೋಡೆಯ ಮೇಲಿನ ಸ್ವಿಚ್‌ಬೋರ್ಡನ್ನು ತೋರಿಸಿ 'ಇವರು ಯಾರು?' ಎಂದಿತು. ಹೆಬ್ಬೆರಳನ್ನು ತೋರಿಸಿಯೂ ಕೇಳಿತು. 'ಅಕ್ಕ' ಅಂತ ಬರೆದೆ, ಅದು ನಿಜವೇ ತಾನೆ.

ಆಮೇಲೆ ಎಡಗಡೆ ನನ್ನ ಫೋಟೋ, ಬಲಗಡೆ ಅಕ್ಕನ ಫೋಟೋ ಇಟ್ಟು 'ಇವರಿಬ್ಬರೂ ಒಬ್ಬರೇನಾ?' ಎಂದು ಕೇಳಿತು. ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಬಾಯಿ ತಪ್ಪಿ ಅವಳಿಗೆ ಹೇಳಿಬಿಟ್ಟೆ.

"ಮಷಿನ್‌ಗೆ ಸುಳ್ಳು ಹೇಳೋಕೆ ಬರಲ್ಲ ಕಣೇ" ಎಂದಳು. ದನಿಯಲ್ಲಿ ಅಂಥ ಖುಷಿಯನ್ನು ಇತ್ತೀಚೆಗೆ ನಾನು ಕೇಳಿರಲಿಲ್ಲ. ನಾನು 'ಅಲ್ಲ' ಒತ್ತಿದೆ. ಸ್ವಲ್ಪ ಜೋರಾಗಿಯೇ ಒತ್ತಿದೆ.

ಮುಂದಿನ ಪ್ರಶ್ನೆಯಲ್ಲಿ ಬಲಗಡೆ ಅಕ್ಕನೇ ಇದ್ದಳು. ಎಡಗಡೆ ಸೋದರತ್ತೆ. 'ಇವರಿಬ್ಬರೂ ಒಬ್ಬರೇನಾ?' ನಾನು ಏನನ್ನೂ ಒತ್ತಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು, 'ಮಷಿನ್‌ಗೆ ಸುಳ್ಳು ಹೇಳೋಕೆ ಬರಲ್ಲ' ಅಂತ ಬರೆದು, ಮನೆಯವರ ಗ್ರೂಪಿಗೆ ಹಾಕಿದೆ.

ಅಕ್ಕ ಏನಾದರೂ ಹೇಳುವ ಮೊದಲೇ ಸೋದರತ್ತೆಯ ಉತ್ತರ ಬಂತು.

"ಯಾಕೆ, ನಾನು ಅಷ್ಟೊಂದು ವಯಸ್ಸಾದವಳ ಥರ ಕಾಣ್ತೀನಾ?"