ಜಾಮೀನು ಸಿಕ್ಕ ಮೇಲೂ ಐದು ರಾತ್ರಿ

ಯಾದಗಿರಿ ಜಿಲ್ಲೆ ಶಹಾಪುರದ ಕಡೆಯ ಹುಡುಗ. ವಯಸ್ಸು ಇಪ್ಪತ್ತೆರಡು. ಮುಂಬೈಯಲ್ಲಿ ಸೆಂಟ್ರಿಂಗ್ ಕೆಲಸ. ಹೋದ ಮಳೆಗಾಲದಲ್ಲಿ ಸೈಟಿನಿಂದ ಕಬ್ಬಿಣದ ಸರಳು ಕಳುವಾಯ್ತು ಅಂತ ಇವನನ್ನೂ ಇನ್ನಿಬ್ಬರನ್ನೂ ಹಿಡಿದುಕೊಂಡು ಹೋದರು. ಕದ್ದನೋ ಇಲ್ಲವೋ ಅದನ್ನು ಕೋರ್ಟು ನೋಡಿಕೊಳ್ಳುತ್ತೆ, ನಾನು ಬರೆಯುತ್ತಿರುವುದು ಅದರ ಬಗ್ಗೆ ಅಲ್ಲ. ಒಂದು ಗುರುವಾರ ಮಧ್ಯಾಹ್ನ ಅವನಿಗೆ ಜಾಮೀನು ಸಿಕ್ಕಿತು. ಹೊರಗೆ ಬಂದಿದ್ದು ಮುಂದಿನ ಮಂಗಳವಾರ ಸಂಜೆ. ನಡುವೆ ಐದು ರಾತ್ರಿ.

ನಾನು ಕುರ್ಲಾದಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತ, ಹದಿನಾಲ್ಕು ವರ್ಷ ಆಯ್ತು. ನಮ್ಮ ಕಡೆಯವರ ಕೇಸು ಬಂದರೆ ಮಾತಾಡೋಕೆ ನನ್ನನ್ನೇ ಕೂರಿಸುತ್ತಾರೆ. ಹಾಗೆ ಈ ಕೇಸಿನ ಪ್ರತಿ ಕಾಗದವನ್ನೂ ನಾನು ಕೈಯಲ್ಲಿ ಹಿಡಿದು ಓಡಾಡಿದ್ದೇನೆ.

ಎಲ್ಲಾ ಶುರುವಾಗಿದ್ದು ಹೆಸರಿನಿಂದ. ಠಾಣೆಯಲ್ಲಿ ಹೆಸರು ಕೇಳಿದರು, ಹೇಳಿದ. ಅಪ್ಪನ ಹೆಸರು ಕೇಳಿದರು, ಹೇಳಿದ. "ಆಡನಾವ್?" ಅಂತ ಕೇಳಿದರು. ಮರಾಠಿಯಲ್ಲಿ ಹಾಗಂದರೆ ಮನೆತನದ ಹೆಸರು. ಇವನಿಗೆ ಆ ಮಾತು ಗೊತ್ತಿಲ್ಲ, ಗೊತ್ತಿದ್ದರೂ ಹೇಳೋಕೆ ಆಧಾರ್ ಕಾರ್ಡಿನಲ್ಲಿ ಅಂಥದ್ದು ಇಲ್ಲ. "ಗಾವ್" ಅಂದಿರಬೇಕು ಅಂದುಕೊಂಡು ಊರಿನ ಹೆಸರು ಹೇಳಿದ, ಶಹಾಪುರ. ಬರೆದುಕೊಳ್ಳುತ್ತಿದ್ದವರು "ಶಹಾಪುರ್‌ಕರ್" ಅಂತ ಬರೆದರು. ಇಲ್ಲಿಯವರಿಗೆ ಅದು ಸಹಜವಾದ ಹೆಸರು, ಅಲ್ವಾ. ಅಷ್ಟೇ ಅಲ್ಲ, ಮುಂಬೈಯವರಿಗೆ ಶಹಾಪುರ ಅಂದರೆ ಆಸನಗಾಂವ್ ಹತ್ತಿರದ ಶಹಾಪುರ. ವಿಳಾಸದ ಜಾಗದಲ್ಲಿ ಜಿಲ್ಲೆ ಥಾಣೆ (ಮುಂಬೈ ಪಕ್ಕದ ಜಿಲ್ಲೆ) ಅಂತ ಬಿತ್ತು. ಹೀಗೆ ಯಾದಗಿರಿಯ ಹುಡುಗ ಹತ್ತು ನಿಮಿಷದಲ್ಲಿ ಥಾಣೆ ಜಿಲ್ಲೆಯವನಾದ.

ಬರೆದವರನ್ನು ನಾನು ಬೈಯುತ್ತಿಲ್ಲ. ಆವತ್ತು ಅವರು ಬೆಳಗ್ಗೆಯಿಂದ ಕೂತಿದ್ದರು, ಎದುರಿಗೆ ಇನ್ನೂ ನಾಲ್ಕು ಜನ ನಿಂತಿದ್ದರು. ಆದರೆ ಬರೆದದ್ದನ್ನು ಒಮ್ಮೆ ಅವನಿಗೆ ಓದಿ ಹೇಳಿ "ಸರಿ ಇದೆಯಾ?" ಅಂತ ಕೇಳೋ ಕೆಲಸ ಯಾರದ್ದೂ ಆಗಿರಲಿಲ್ಲ. ಸಹಿ ಹಾಕು ಅಂದರು, ಹಾಕಿದ.

ಬಂಧಿಸಿದರೆ ಮನೆಯವರಿಗೆ ತಿಳಿಸಬೇಕು ಅನ್ನೋದು ಕಾನೂನು. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ನಮ್ಮ ಹುಡುಗನ ಕಾಗದದಲ್ಲೂ "ತಾಯಿಗೆ ಫೋನಿನಲ್ಲಿ ತಿಳಿಸಲಾಗಿದೆ" ಅಂತ ಬರೆದಿದ್ದರು. ಸುಳ್ಳಲ್ಲ, ಫೋನ್ ಮಾಡಿದ್ದು ನಿಜ. ಮಾತಾಡಿದ್ದು ಮರಾಠಿಯಲ್ಲಿ. ಆ ತಾಯಿಗೆ ಅರ್ಥವಾಗಿದ್ದು ಎರಡೇ: ಮಗನ ಹೆಸರು, ಪೊಲೀಸ್. ಮಾರನೇ ದಿನ ನಾನು ಫೋನ್ ಮಾಡಿದಾಗ ಆಕೆ ಕೇಳಿದ ಮೊದಲ ಮಾತು, "ಯಪ್ಪಾ, ನನ್ ಮಗ ಜೀವಂತ ಅದಾನಿಲ್ರಿ?" ಕಟ್ಟಡದ ಮೇಲಿಂದ ಬಿದ್ದು ಸತ್ತಿದ್ದಾನೆ, ಹೆಣ ಒಯ್ಯೋಕೆ ಕರೆಯುತ್ತಿದ್ದಾರೆ ಅಂತ ಇಡೀ ಮನೆ ರಾತ್ರಿಯೆಲ್ಲಾ ಅತ್ತಿತ್ತು. ಕಾಗದದ ಪ್ರಕಾರ ಆಕೆಗೆ ವಿಷಯ ತಿಳಿಸಿ ಆಗಿತ್ತು.

ನನ್ನ ಸಿಟ್ಟೆಲ್ಲಾ ಇದರ ಮೇಲೇ. ನಮ್ಮ ಠಾಣೆ, ಕೋರ್ಟು, ಜೈಲು ಮೂರರಲ್ಲೂ "ಕಳಿಸಿದ್ದೇವೆ" ಅಂದರೆ ಕೆಲಸ ಮುಗಿಯಿತು. ತಲುಪಿತಾ? ತಲುಪಿದ್ದು ಅರ್ಥವಾಯಿತಾ? ಅದನ್ನು ಕೇಳೋ ಟೇಬಲ್ಲೇ ಇಲ್ಲ.

ಜಾಮೀನಿಗೆ ಬರೋಣ. ಹೊರಗಿನವರಿಗೆ ಗೊತ್ತಿರಲ್ಲ, ಜಾಮೀನು ಆದೇಶ ಬೇರೆ, ಬಿಡುಗಡೆ ಆದೇಶ ಬೇರೆ. ಮೊದಲನೆಯದನ್ನು ನ್ಯಾಯಾಧೀಶರು ಹೇಳುತ್ತಾರೆ. ಆಮೇಲೆ ಹಣ ಕಟ್ಟಬೇಕು ಅಥವಾ ಶೂರಿಟಿ, ಅಂದರೆ ಹೊಣೆ ನಿಲ್ಲುವವರನ್ನು ಕೊಡಬೇಕು, ಅದು ಸರಿ ಇದೆ ಅಂತ ಆದ ಮೇಲೆ ಜೈಲಿಗೆ ಇನ್ನೊಂದು ಕಾಗದ ಹೊರಡುತ್ತೆ. ಆ ಕಾಗದ ಹೊತ್ತಿಗೆ ಸರಿಯಾಗಿ ಜೈಲು ಮುಟ್ಟಬೇಕು. ಆರ್ಥರ್ ರೋಡ್ ಜೈಲಿನ ಹೊರಗೆ ಇದಕ್ಕೇ ಒಂದು ಪೆಟ್ಟಿಗೆ ಇದೆ. 2021ರ ಅಕ್ಟೋಬರ್‌ನಲ್ಲಿ ದೊಡ್ಡ ನಟರೊಬ್ಬರ ಮಗನಿಗೆ ಹೈಕೋರ್ಟಿನಲ್ಲಿ ಜಾಮೀನು ಆದಾಗ, ಕಾಗದ ಸಂಜೆ ಐದೂವರೆಯೊಳಗೆ ಮುಟ್ಟಲಿಲ್ಲ ಅಂತ ಅವರೂ ಒಂದು ರಾತ್ರಿ ಜಾಸ್ತಿ ಒಳಗಿದ್ದರು. ಇಡೀ ದೇಶ ಆ ಪೆಟ್ಟಿಗೆಯನ್ನು ಟಿವಿಯಲ್ಲಿ ನೋಡಿತು. ಅಷ್ಟು ವಕೀಲರು ಇದ್ದವರ ಗತಿಯೇ ಅದಾದರೆ ಸೆಂಟ್ರಿಂಗ್ ಹುಡುಗನದ್ದು ಏನು?

ನಮಗೆ ಶುಕ್ರವಾರ ಸಾಯಂಕಾಲ ಬಿಡುಗಡೆ ಆದೇಶ ಕೈಗೆ ಬಂತು. ಶನಿವಾರ ಜೈಲಿಗೆ ಮುಟ್ಟಿತು, ಅಲ್ಲಿಂದಲೇ ವಾಪಸ್. ಈ ಹೆಸರಿನ ಕೈದಿ ನಮ್ಮಲ್ಲಿ ಇಲ್ಲ ಅಂದರು. ನಮ್ಮ ಅರ್ಜಿ ಆಧಾರ್ ನೋಡಿ ಬರೆದದ್ದು, ಆದೇಶವೂ ಅದೇ ಹೆಸರಿನಲ್ಲಿ ಇತ್ತು. ಜೈಲಿನ ರಿಜಿಸ್ಟರಿನಲ್ಲಿ ಠಾಣೆಯ ಕಾಗದ ನೋಡಿ ಬರೆದ ಶಹಾಪುರ್‌ಕರ್. ಹೆಸರು ಹೊಂದದೆ ಬಿಡೋಕಾಗಲ್ಲ ಅನ್ನೋದು ಸರಿಯೇ, ತಪ್ಪು ಮನುಷ್ಯನನ್ನು ಬಿಟ್ಟರೆ ಅವರ ಕೆಲಸ ಹೋಗುತ್ತೆ. ಆದರೆ ಕೇಸಿನ ನಂಬರ್ ಒಂದೇ, ಠಾಣೆ ಒಂದೇ, ಬಂಧಿಸಿದ ತಾರೀಖು ಒಂದೇ. ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು. ಭಾನುವಾರ ರಜೆ. ಸೋಮವಾರ ತಿದ್ದುಪಡಿಗೆ ಅರ್ಜಿ ಹಾಕಿದೆವು, ಅದಕ್ಕೆ ಸರಕಾರಿ ವಕೀಲರ "ಸೇ", ಅಂದರೆ ಲಿಖಿತ ಅಭಿಪ್ರಾಯ ಬೇಕು, ಅವರು ತನಿಖಾಧಿಕಾರಿಯನ್ನು ಕೇಳಬೇಕು, ಅವರು ಬಂದೋಬಸ್ತ್ ಡ್ಯೂಟಿಗೆ ಹೋಗಿದ್ದರು. ಮಂಗಳವಾರ ಬೆಳಗ್ಗೆ ಅವರು ಬಂದು ಎರಡು ಸಾಲು ಬರೆದುಕೊಟ್ಟ ಮೇಲೆ ಆಯ್ತು. ಎರಡೇ ಸಾಲು.

ಇದು ಯಾರಿಗೂ ಗೊತ್ತಿಲ್ಲದ ಕಾಯಿಲೆ ಏನಲ್ಲ. 2021ರ ಜುಲೈಯಲ್ಲಿ, ಆಗ್ರಾ ಜೈಲಿನ 13 ಜನ ಜಾಮೀನು ಸಿಕ್ಕರೂ ಹೊರಗೆ ಬಂದಿಲ್ಲ ಅಂತ ಗೊತ್ತಾಗಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು, ಈ ಕಾಲದಲ್ಲೂ ಆದೇಶ ತರೋ ಪಾರಿವಾಳಕ್ಕಾಗಿ ಆಕಾಶ ನೋಡುತ್ತಿದ್ದೇವೆ ಅಂತ ನೊಂದು ಹೇಳಿದರು. 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳನ್ನು ಕಂಪ್ಯೂಟರಿನಲ್ಲೇ ಕಳಿಸೋ "ಫಾಸ್ಟರ್" ವ್ಯವಸ್ಥೆ ಬಂತು. 2023ರ ಜನವರಿಯಲ್ಲಿ ಇನ್ನೊಂದು ಆದೇಶ: ಜಾಮೀನು ಕೊಟ್ಟ ಕೋರ್ಟು ಅದೇ ದಿನ ಅಥವಾ ಮಾರನೇ ದಿನ ಜೈಲಿಗೆ ಇಮೇಲ್ ಮಾಡಿ ಪ್ರತಿಯನ್ನು ಕೈದಿಗೆ ಮುಟ್ಟಿಸಬೇಕು, ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಳ್ಳೆಯ ಆದೇಶವೇ. ಆದರೆ ನಮ್ಮ ಹುಡುಗ ಹೊರಗೆ ಬಂದ ಮೇಲೆ ನಾನು ಕೇಳಿದೆ, ಜಾಮೀನು ಆಗಿದೆ ಅಂತ ಒಳಗೆ ನಿನಗೆ ಯಾವಾಗ ಹೇಳಿದರು ಅಂತ. "ಇವತ್ತ ಹೇಳ್ಯಾರ್ರಿ, ಸಾಮಾನ್ ತಗೋ ಅಂದಾಗ" ಅಂದ. ಐದು ದಿನ ತನಗೆ ಜಾಮೀನು ಸಿಕ್ಕಿದೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ.

ಭಾಷೆಯ ವಿಷಯವೂ ಹಳೆಯದೇ. ಮಹಾರಾಷ್ಟ್ರದ್ದೇ ಹರಿಕಿಸನ್ ಪ್ರಕರಣ, 1962. ಇಂಗ್ಲಿಷ್ ಬಾರದ ಮನುಷ್ಯನಿಗೆ ಬಂಧನದ ಕಾರಣವನ್ನು ಇಂಗ್ಲಿಷಿನಲ್ಲಿ ಕೊಟ್ಟು ಬಾಯಲ್ಲಿ ಹಿಂದಿಯಲ್ಲಿ ಹೇಳಿದರೆ ತಿಳಿಸಿದಂತಾಗಲ್ಲ ಅಂತ ಸುಪ್ರೀಂ ಕೋರ್ಟ್ ಅವರನ್ನು ಬಿಡಿಸಿತು. ಈಗ 2025ರ ನವೆಂಬರ್‌ನಲ್ಲಿ ವರ್ಲಿಯ ಕಾರು ಅಪಘಾತದ ಪ್ರಕರಣದಲ್ಲಿ ಇನ್ನೂ ಬಿಡಿಸಿ ಹೇಳಿದೆ: ಯಾವ ಅಪರಾಧವೇ ಆಗಿರಲಿ, ಬಂಧನದ ಕಾರಣವನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ಹಿಡಿಯುವಾಗಲೇ ಕೊಡೋಕಾಗದಿದ್ದರೆ ರಿಮಾಂಡಿಗೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ. ಮುಂಬೈಯಲ್ಲಿ ಲಕ್ಷಾಂತರ ಕನ್ನಡದವರು, ತುಳುವರು, ತೆಲುಗರು, ಬಿಹಾರದವರು ಇದ್ದಾರೆ. ಠಾಣೆಗೊಂದು ಅನುವಾದಕರ ಪಟ್ಟಿ ಇರಬೇಕು, ರಾತ್ರಿ ಫೋನ್ ಮಾಡಿದರೆ ಎತ್ತೋವಂಥವರು. ಸಂಘ ಸಂಸ್ಥೆಗಳನ್ನು ಕೇಳಿದರೆ ಜನ ಖಂಡಿತ ಸಿಗುತ್ತಾರೆ, ನನ್ನ ಹೆಸರನ್ನೇ ಮೊದಲು ಬರೆದುಕೊಳ್ಳಲಿ.

ಮಾತು ಮುಟ್ಟಿದರೆ ಏನಾಗುತ್ತೆ ಅನ್ನೋದನ್ನೂ ಇದೇ ಮುಂಬೈ ನೋಡಿದೆ. 2008ರ ನವೆಂಬರ್ 26ರ ಉಗ್ರರ ದಾಳಿಯ ರಾತ್ರಿ, ಕಾಮಾ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಪೊಲೀಸ್ ಅಧಿಕಾರಿಗಳಾದ ಕರ್ಕರೆ, ಕಾಮ್ಟೆ, ಸಾಲಸ್ಕರ್ ಅವರಿಗೆ ಗುಂಡು ಬಿತ್ತು. ಉಗ್ರರು ಓಡಿಸಿಕೊಂಡು ಹೋದ ಅವರ ಪೊಲೀಸ್ ಗಾಡಿಯ ಹಿಂಭಾಗದಲ್ಲಿ ಗಾಯಗೊಂಡು ಬಿದ್ದಿದ್ದ ಕಾನ್‌ಸ್ಟೇಬಲ್ ಅರುಣ್ ಜಾಧವ್, ಉಗ್ರರು ಗಾಡಿ ಬಿಟ್ಟು ಇಳಿದ ತಕ್ಷಣ ವಯರ್‌ಲೆಸ್ ಹಿಡಿದು ಕಂಟ್ರೋಲ್ ರೂಮಿಗೆ ಹೇಳಿದರು. ಆಮೇಲೆ ಉಗ್ರರು ಕಿತ್ತುಕೊಂಡ ಸ್ಕೋಡಾ ಕಾರಿನ ಸುದ್ದಿ ಗಿರ್‌ಗಾಂವ್ ಚೌಪಾಟಿಯ ನಾಕಾಬಂದಿಗೆ ಮುಟ್ಟಿತು. ಅಲ್ಲಿ ತುಕಾರಾಮ್ ಓಂಬ್ಳೆ ಪ್ರಾಣ ಕೊಟ್ಟರು, ಕಸಬ್ ಜೀವಂತ ಸಿಕ್ಕ. ಆ ರಾತ್ರಿ ಬೇರೆ ಕಡೆ ಎಷ್ಟೋ ತಪ್ಪಿತು, ಇಂಥ ಹೊತ್ತಿಗೆ ಅಂತಲೇ ಬರೆದಿಟ್ಟ ಕ್ರಮಗಳನ್ನು ಪಾಲಿಸಲಿಲ್ಲ ಅಂತ ಆ ದಾಳಿಯ ವಿಚಾರಣೆ ಮಾಡಿದ ರಾಮ್ ಪ್ರಧಾನ್ ಸಮಿತಿಯೇ ಹೇಳಿದೆ.

ಕೆಳಗಿನವರ ಮಾತು ಮೇಲಕ್ಕೆ ಹೋಗೋದಂತೂ ಇನ್ನೂ ಕಷ್ಟ. ಸಾಹೇಬರ ಮುಂದೆ "ಹೆಸರು ತಪ್ಪಾಗಿದೆ ಸರ್" ಅನ್ನೋಕೆ ಎಷ್ಟು ಪೇದೆಗಳಿಗೆ ಧೈರ್ಯ ಇರುತ್ತೆ? ಆದರೆ ನಮ್ಮ ಪಕ್ಕದ ದೇವನಾರ್ ಠಾಣೆಯ ರವೀಂದ್ರ ಪಾಟೀಲ್ ಅನ್ನೋ ಪೊಲೀಸರು ಎಂಟು ಗಂಟೆಯ ಪಾಳಿ ಹೇಗೆ ಮಾಡಬಹುದು ಅಂತ ತಾವೇ ಲೆಕ್ಕ ಹಾಕಿ ಕೊಟ್ಟಿದ್ದರು. ಆಗಿನ ಕಮಿಷನರ್ ದತ್ತಾ ಪಡಸಲಗೀಕರ್ ಅದನ್ನು ಓದಿ, 2016ರಲ್ಲಿ ಮೊದಲು ದೇವನಾರ್‌ನಲ್ಲೇ ಶುರು ಮಾಡಿಸಿದರು. ಓದುವವರಿದ್ದರು ಅನ್ನೋದು ನನಗೆ ದೊಡ್ಡದಾಗಿ ಕಾಣುತ್ತೆ.

ಹುಡುಗ ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ, ಕೇಸು ನಡೀತಿದೆ. ಆ ತಿದ್ದುಪಡಿ ಹೇಗೆ ಮಾಡಿದರು ಅಂತ ಹೇಳಲಿಲ್ಲ ನೋಡಿ. ಆಧಾರಿನ ಹೆಸರು, ಅದರ ಮುಂದೆ "ಉರ್ಫ್ ಶಹಾಪುರ್‌ಕರ್" ಅಂತ ಸೇರಿಸಿದರು. ಆವತ್ತು ಅವನು ಹೊರಗೆ ಬಂದರೆ ಸಾಕು ಅಂತ ನಾವೂ ಒಪ್ಪಿಕೊಂಡೆವು. ಈಗ ಎಲ್ಲಾ ದಾಖಲೆಯಲ್ಲೂ ಅವನಿಗೆ ಎರಡು ಹೆಸರು. ಊರಿಗೆ ಹೋಗಿ ಅವ್ವನಿಗೆ ಆ ಕಾಗದ ತೋರಿಸಿದನಂತೆ, ಆಕೆ ಯಾರಿಂದಲೋ ಓದಿಸಿ ನನಗೆ ಫೋನ್ ಮಾಡಿ "ಇದ್ಯಾರ್ರಿ ಯಪ್ಪಾ, ಇವನ ಹೆಸರಿನ ಮುಂದ?" ಅಂತ ಕೇಳಿದರು. ಮುಂದಿನ ತಾರೀಖಿಗೆ ಅದನ್ನು ತೆಗೆಸೋ ಅರ್ಜಿ ಟೈಪ್ ಮಾಡಿ ಇಟ್ಟಿದ್ದೇನೆ.