ಶುಗರ್ ಕೇಳುವವರು ಕಾಲು ನೋಡುವುದಿಲ್ಲ

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲೆಸಿದ ಮೇಲೆಯೇ ನನಗೂ ನಮ್ಮ ಮನೆತನದ ಶುಗರ್ ಬಂದಿತು. ಮೊದಲ ವಾರ್ಷಿಕ ತಪಾಸಣೆಗೆ ಹೋದಾಗ ನರ್ಸ್ ರಕ್ತದ ವರದಿಯನ್ನು ಪಕ್ಕಕ್ಕಿಟ್ಟು, ಶೂ ಮತ್ತು ಸಾಕ್ಸ್ ಬಿಚ್ಚುವಂತೆ ಹೇಳಿ, ನೆಲದ ಮೇಲೆ ಮಂಡಿಯೂರಿ ನನ್ನ ಪಾದವನ್ನು ಕೈಯಲ್ಲಿ ಹಿಡಿದರು. ನನಗಿಂತ ಹಿರಿಯರಾದ ಹೆಣ್ಣುಮಗಳೊಬ್ಬರು ಹೀಗೆ ಕಾಲು ಮುಟ್ಟಿದಾಗ ನಮ್ಮ ಕಡೆಯಲ್ಲಿ ಬೆಳೆದ ಯಾರಿಗೇ ಆದರೂ ಆಗುವ ಮುಜುಗರ ನನಗೂ ಆಯಿತು. ಕಣ್ಣು ಮುಚ್ಚಿಸಿ, ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿನ ಅಲ್ಲಲ್ಲಿ ತಾಗಿಸುತ್ತ, ತಿಳಿದಾಗಲೆಲ್ಲ ಹೇಳಿ ಎಂದರು. ಪಾದದ ಮೇಲ್ಭಾಗದಲ್ಲಿ ಮತ್ತು ಒಳ ಹರಡಿನ ಹಿಂದೆ ನಾಡಿ ಹಿಡಿದು ನೋಡಿದರು. ಬೆರಳುಗಳ ಸಂದುಗಳನ್ನು ಬಿಡಿಸಿ ಪರೀಕ್ಷಿಸಿದರು. ಮಧುಮೇಹಿಗೆ ಇಲ್ಲಿ ವರ್ಷಕ್ಕೊಮ್ಮೆ ಆಗಬೇಕಾದ ಒಂಬತ್ತು ತಪಾಸಣೆಗಳಲ್ಲಿ ಇದೂ ಒಂದಂತೆ.

ಇದನ್ನು ಫೋನಿನಲ್ಲಿ ವರ್ಣಿಸಿದಾಗ ಶಿವಮೊಗ್ಗದಲ್ಲಿರುವ ನಮ್ಮ ದೊಡ್ಡಪ್ಪ ನಕ್ಕರು. "ಶುಗರ್ ಇರೋದು ರಕ್ತದಲ್ಲಿ. ಕಾಲಲ್ಲಿ ಏನು ಹುಡುಕ್ತಾರಪ್ಪ ಅವರು?" ಎಂದರು. ದೊಡ್ಡಪ್ಪನ ಕಡತದಲ್ಲಿ ದಶಕಗಳ ವರದಿಗಳು ತಾರೀಖಿನ ಪ್ರಕಾರ ಜೋಡಿಸಿಕೊಂಡು ಕುಳಿತಿವೆ. ಖಾಲಿ ಹೊಟ್ಟೆಯದೆಷ್ಟು, ಊಟವಾದ ಎರಡು ಗಂಟೆಗೆ ಎಷ್ಟು, ಮೂರು ತಿಂಗಳ ಸರಾಸರಿ ಎಷ್ಟು ಎಂಬುದನ್ನು ಅವರು ಕೇಳಿದ ಕೂಡಲೇ ಹೇಳಬಲ್ಲರು. ಆದರೆ ಇಷ್ಟು ವರ್ಷಗಳಲ್ಲಿ ಅವರ ಪಾದವನ್ನು ಒಬ್ಬ ವೈದ್ಯರೂ ಮುಟ್ಟಿ ನೋಡಿಲ್ಲ. ಇಲ್ಲಿಯಂತೆ ಶೂ ಬಿಚ್ಚಿಸುವ, ಸಾಕ್ಸ್ ಎಳೆಯುವ ತೊಂದರೆಯೂ ಅಲ್ಲಿಲ್ಲ; ಚಪ್ಪಲಿಯನ್ನು ಕ್ಲಿನಿಕ್ಕಿನ ಬಾಗಿಲ ಹೊರಗೇ ಬಿಟ್ಟು, ಬರಿಗಾಲಿನಲ್ಲೇ ಮೇಜಿನ ಮುಂದೆ ಕುಳಿತಿರುತ್ತಾರೆ. ಬಗ್ಗಿ ನೋಡುವವರಿಲ್ಲ, ಅಷ್ಟೆ.

ನೋಡಬೇಕಾದದ್ದೇಕೆಂದರೆ, ವರ್ಷಗಟ್ಟಲೆ ಏರಿ ನಿಂತ ಸಕ್ಕರೆ ಮೊದಲು ಕೆಡಿಸುವುದು ದೇಹದ ಅತಿ ಉದ್ದದ ನರಗಳನ್ನು, ಎಂದರೆ ಕಾಲ್ಬೆರಳಿನ ತುದಿಗೆ ಹೋಗುವ ನರಗಳನ್ನು. ಕೆಲವರಿಗೆ ರಾತ್ರಿ ಹೊತ್ತು ಅಂಗಾಲು ಉರಿಯುತ್ತದೆ, ಜೋಮು ಹಿಡಿಯುತ್ತದೆ. ಇನ್ನು ಕೆಲವರಿಗೆ ಯಾವ ಸೂಚನೆಯೂ ಇಲ್ಲದೆ ಸ್ಪರ್ಶಜ್ಞಾನ ಹೋಗಿರುತ್ತದೆ. ನೋವಿಲ್ಲದ ಗಾಯವನ್ನು ಯಾರೂ ಗಮನಿಸುವುದಿಲ್ಲ, ರಕ್ತಸಂಚಾರವೂ ಕುಂದಿದ್ದರೆ ಅದು ಮಾಯುವುದಿಲ್ಲ, ಬೆರಳು ತೆಗೆಯುವ ಮಾತು ಬರುವವರೆಗೂ ಮನೆಯವರಿಗೆ ಸಂಗತಿಯೇ ತಿಳಿದಿರುವುದಿಲ್ಲ.

ಇಂಥ ಕಾಲನ್ನು ನಾವು ನಡೆಸಿಕೊಳ್ಳುವ ರೀತಿಯನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ವೈಶಾಖದ ಮಧ್ಯಾಹ್ನ ದೇವಸ್ಥಾನದ ಹಾಸುಗಲ್ಲು ಕಾದ ಕಾವಲಿಯಾಗಿರುವಾಗ ಪ್ರದಕ್ಷಿಣೆ ಹಾಕುತ್ತೇವೆ, ಆರೋಗ್ಯಕ್ಕೆ ಒಳ್ಳೆಯದೆಂದು ಬೆಳಗಿನ ನಡಿಗೆಯನ್ನು ಬರಿಗಾಲಿನಲ್ಲಿ ಮಾಡುತ್ತೇವೆ, ಕಾಲಿನ ಆಣಿಯನ್ನು ಹಜಾಮತಿಯ ಬ್ಲೇಡಿನಿಂದ ಕೆತ್ತಿಕೊಳ್ಳುತ್ತೇವೆ, ಜೋಮು ಬಿಡಲೆಂದು ಹಂಡೆಯ ನೀರಿನಲ್ಲಿ ಪಾದ ಅದ್ದಿ ಕೂರುತ್ತೇವೆ. ಕೊನೆಯದಂತೂ ಅಪಾಯಕಾರಿ, ಏಕೆಂದರೆ ನೀರು ಸುಡುತ್ತಿದೆ ಎಂದು ಹೇಳಬೇಕಾದ ಕಾಲಿಗೇ ಅದು ತಿಳಿಯುವುದಿಲ್ಲ. ಇಷ್ಟೆಲ್ಲ ಮಾಡಿಯೂ, ಬೆಳಗಿನ ಅಂಕಿ ನೂರಹತ್ತು ಬಂದ ದಿನ ಶುಗರ್ ಹಿಡಿತದಲ್ಲಿದೆಯೆಂದು ಎರಡು ಹೋಳಿಗೆ ಹೆಚ್ಚು ಹಾಕಿಸಿಕೊಳ್ಳುತ್ತೇವೆ. ಅಂಕಿ ಈಗ ಚೆನ್ನಾಗಿದ್ದರೂ ಹಿಂದಿನ ವರ್ಷಗಳಲ್ಲಿ ಸತ್ತ ನರ ಮರಳಿ ಬರುವುದಿಲ್ಲವೆಂಬುದನ್ನು ಮದುವೆ ಮನೆಯ ಪಂಕ್ತಿಯಲ್ಲಿ ಹೇಳಲು ಹೋದರೆ ಫಾರಿನ್ ಬುದ್ಧಿ ಎನಿಸಿಕೊಳ್ಳುತ್ತೇವೆ.

ವೈದ್ಯರಿಗೆ ಸಮಯವಿಲ್ಲವೆಂಬುದು ನಿಜ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದ ಮಧುಮೇಹಿಗಳು 10.1 ಕೋಟಿ, ಹೊರಗಿನ ಬೆಂಚು ತುಂಬಿರುವಾಗ ಪ್ರತಿಯೊಬ್ಬರ ಪಾದದ ಮುಂದೆ ಮಂಡಿಯೂರುವುದು ಆಗದ ಮಾತೆಂದೇ ಒಪ್ಪೋಣ. ಆದರೆ ಇದಕ್ಕೆ ಆ ಎಳೆಯೂ ಬೇಡ, ವೈದ್ಯರೂ ಬೇಡ. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡ ಪರೀಕ್ಷೆಯೊಂದಿದೆ: ಕಣ್ಣು ಮುಚ್ಚಿದವರ ಎರಡೂ ಕಾಲುಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಮನೆಯವರು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು, ಒತ್ತಬಾರದು, ತಟ್ಟಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶ ತಿಳಿಯದಿದ್ದರೆ ವೈದ್ಯರಲ್ಲಿಗೆ ಹೋಗಿ ಕಾಲನ್ನೇ ತೋರಿಸಬೇಕು. ಮನೆ ತುಂಬ ಜನರಿರುವ ನಮ್ಮಲ್ಲಿ ಇದಕ್ಕೊಂದು ಬೆರಳು ಸಿಗುವುದು ಕಷ್ಟವಲ್ಲ. ಮೊನ್ನೆ ಇದನ್ನು ದೊಡ್ಡಪ್ಪನಿಗೆ ಮಾಡಿ ನೋಡೆಂದು ಅವರ ಸೊಸೆಗೆ ಹೇಳಿದೆ. ಬಲಗಾಲಿನ ಎರಡು ಬೆರಳುಗಳನ್ನು ಮುಟ್ಟಿದ್ದು ಅವರಿಗೆ ತಿಳಿಯಲೇ ಇಲ್ಲ.

ಇಲ್ಲಿಯದೆಲ್ಲ ಚೆನ್ನವೆಂದು ನಾನು ಹೇಳುತ್ತಿಲ್ಲ. ವೈದ್ಯರ ಭೇಟಿಗೆ ವಾರಗಟ್ಟಲೆ ಕಾಯಬೇಕು. ಶುಗರಿಗೆ ಬರೀ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಿಗೆ ಸಾಮಾನ್ಯವಾಗಿ ಗ್ಲೂಕೋಮೀಟರ್ ಕೊಡುವುದಿಲ್ಲ. ಊರಿನಲ್ಲಿಯಾದರೆ ಲ್ಯಾಬಿನ ಹುಡುಗ ಬೆಳಿಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗಿ ಮಧ್ಯಾಹ್ನದೊಳಗೆ ವಾಟ್ಸಾಪಿನಲ್ಲಿ ವರದಿ ಕಳಿಸುತ್ತಾನೆ. ಚಳಿನಾಡಿನಲ್ಲಿ ಹಗಲೆಲ್ಲ ಸಾಕ್ಸಿನೊಳಗಿರುವ ಪಾದವನ್ನು ಅದರ ಒಡೆಯನೇ ನೋಡುವುದಿಲ್ಲ. ನಮ್ಮಲ್ಲಿ ಸ್ವಲ್ಪ ಕುಂಟಿದರೂ ಪಕ್ಕದ ಮನೆಯವರು ಕೇಳದೆ ಬಿಡುವುದಿಲ್ಲ. ಬೆಂಗಳೂರಿನ ಸರ್ಕಾರಿ ಮಧುಮೇಹ ಸಂಸ್ಥೆಯಲ್ಲಿ ಪಾದಗಳಿಗೆಂದೇ ಪ್ರತ್ಯೇಕ ವಿಭಾಗವಿದೆ. ನನ್ನ ವಾದಕ್ಕೆ ತುಸು ಅಡ್ಡಿಯಾಗುವ ಇನ್ನೊಂದು ಸಂಗತಿಯನ್ನೂ ಹೇಳಬೇಕು: ಸ್ಪರ್ಶಜ್ಞಾನ ಕಳೆದುಕೊಂಡ ಪಾದ ಹುಣ್ಣಾಗುವುದು ನೋವು ತಿಳಿಯದೆ ಆದ ಪೆಟ್ಟಿನಿಂದ ಎಂಬುದನ್ನು ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡುತ್ತ ಎತ್ತಿ ತೋರಿಸಿದವರು, ಅಲ್ಲಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್. ಮುಂದೆ ಅವರು ಅಮೆರಿಕದಲ್ಲಿ ಅದೇ ತಿಳಿವಳಿಕೆಯನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಲೆಸ್ಟರಿನ ನರ್ಸ್ ನನಗೆ ಮಾಡಿದ್ದರ ಒಂದು ಬೇರು ನಮ್ಮ ಪಕ್ಕದ ರಾಜ್ಯದಲ್ಲಿಯೇ ಇದೆ.

ದೊಡ್ಡಪ್ಪನಿಗೆ ಈಗ ವೈದ್ಯರು ಎಂಸಿಆರ್ ಚಪ್ಪಲಿ, ಎಂದರೆ ಪಾದಕ್ಕೆ ಒತ್ತದ ಮೆತ್ತನೆಯ ರಬ್ಬರಿನ ಚಪ್ಪಲಿ, ಬರೆದುಕೊಟ್ಟಿದ್ದಾರೆ, ಮನೆಯೊಳಗೂ ಹಾಕಿಕೊಳ್ಳಬೇಕೆಂದಿದ್ದಾರೆ. ಒಳಗಿನದಕ್ಕೆಂದೇ ಹೊಸದೊಂದು ಜೊತೆ ತಂದು, ಅದನ್ನು ಹೊಸ್ತಿಲ ಆಚೆ ಒಯ್ಯಕೂಡದೆಂಬ ಷರತ್ತಿನ ಮೇಲೆ ದೊಡ್ಡಮ್ಮ ನಡುಮನೆಯವರೆಗೆ ಒಪ್ಪಿದ್ದಾರೆ. ಅಡುಗೆಮನೆಯ ವಿಷಯದಲ್ಲಿ ಮಾತುಕತೆ ಇನ್ನೂ ನಡೆದಿದೆ.